ಎಂಡಿ ಅನಸ್ತೇಶಿಯಾ ಪ್ರಾಕ್ಟಿಕಲ್: ಓದಿದ್ದು ಬಾಯಿಗೆ ಬರ್ತಾ ಇಲ್ಲ, ಏನ್ ಮಾಡ್ಲಿ?

ನೈಟ್‌ಡ್ಯೂಟಿ_ನವಮಿ
ಎಲ್ಲರಿಗೂ ನಮಸ್ಕಾರ. ನಾನು ಎಂಡಿ ಅನಸ್ತೇಶಿಯಾ (ಅರಿವಳಿಕೆ) ಫೈನಲ್ ಇಯರ್, ರಾಜೀವ್ ಗಾಂಧಿ ಯೂನಿವರ್ಸಿಟಿ. ಥೀಸಿಸ್ ಕೊಟ್ಟು ಆಯ್ತು. ಥಿಯರಿಯ ನಾಲ್ಕು ಪೇಪರ್ ಹೇಗೋ ಬರೀತೀನಿ ಅನ್ನೋ ಧೈರ್ಯ ಇದೆ. ಭಯ ಇರೋದೆಲ್ಲ ಪ್ರಾಕ್ಟಿಕಲ್ ಬಗ್ಗೆ.

ಓಟಿಯಲ್ಲಿ (ಆಪರೇಷನ್ ಥಿಯೇಟರ್) ಕೈ ತಾನಾಗಿ ಕೆಲಸ ಮಾಡುತ್ತೆ. ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಡ್ತೀನಿ, ಉಸಿರಿನ ಟ್ಯೂಬ್ ಹಾಕ್ತೀನಿ, ಬಿಪಿ ಬಿದ್ರೆ ಎತ್ತುತ್ತೀನಿ. ಆದರೆ ಮೇಷ್ಟ್ರು ಎದುರು ಕೂತು "ಯಾಕಮ್ಮ ಹಾಗೆ ಮಾಡಿದೆ?" ಅಂದ ತಕ್ಷಣ ನಾಲಿಗೆ ಒಣಗುತ್ತೆ. ಗೊತ್ತಿರೋದೂ ತಲೆಕೆಳಗಾಗಿ ಬರುತ್ತೆ. ಡಿಪಾರ್ಟ್‌ಮೆಂಟಲ್ಲಿ ರಜೆ ಕೊಡೋ ಲಕ್ಷಣ ಇಲ್ಲ, ಡ್ಯೂಟಿ ಮುಗಿಸಿ ಬಂದ್ರೆ ಪುಸ್ತಕ ತೆಗೆದ ಕೂಡಲೇ ನಿದ್ದೆ.

ಲಾಂಗ್ ಕೇಸ್‌ಗೆ (ಒಬ್ಬ ಪೇಷಂಟನ್ನು ಪೂರ್ತಿ ನೋಡಿ ಪ್ರೆಸೆಂಟ್ ಮಾಡೋದು) ಏನು ಬರುತ್ತೆ? ಮಷೀನ್, ಡ್ರಗ್ಸ್ ಟೇಬಲ್ ಹೇಗೆ ತಯಾರಿ ಮಾಡೋದು? ರಜೆ ಹಾಕಿ ಮನೆಗೆ ಹೋಗಿ ಓದೋದು ಒಳ್ಳೆಯದಾ, ಇಲ್ಲೇ ಇರೋದಾ? ಪಾಸಾದವರು ದಯವಿಟ್ಟು ಹೇಳಿ.

ಹುಬ್ಳಿ_ಹೈದ
ರಜೆ ಹಾಕಿ ಮನೆಗೆ ಹೋಗಬ್ಯಾಡ್ರಿ. ಮನೆಯಲ್ಲಿ ಮದುವೆ, ಗೃಹಪ್ರವೇಶ, "ಡಾಕ್ಟ್ರೇ ನಮ್ಮ ಮೊಣಕಾಲು ನೋಡ್ರಿ" ಇಷ್ಟೇ ಆಗೋದು.

ಓಟಿ4
ನಾನು ಇದಕ್ಕೆ ಒಪ್ಪಲ್ಲ. ಕೊನೆಯ ಹದಿನೈದು ದಿನ ಆದ್ರೂ ಡ್ಯೂಟಿ ಇಲ್ದೆ ಇರಬೇಕು. ನಿದ್ದೆಗೆಟ್ಟ ತಲೆಯಲ್ಲಿ ಎಬಿಜಿ (ರಕ್ತದ ಗ್ಯಾಸ್ ಟೆಸ್ಟ್) ಲೆಕ್ಕ ಮಾಡೋಕಾಗುತ್ತಾ? ಮನೆಗೆ ಬೇಡ, ಹಾಸ್ಟೆಲಲ್ಲೇ ಇರಿ. ಆದರೆ ರಜೆ ಮಾತ್ರ ಕೇಳಿ.

ಬೇನ್‌ಸರ್ಕ್ಯೂಟ್
ನವಮಿ, ನಾನು ಮಂಗಳೂರು ಕಡೆಯವನು, ಎಂಡಿ ಮುಗಿಸಿ ಬಹಳ ವರ್ಷ ಆಯ್ತು. ಈಗ ಪಿಜಿಗಳಿಗೆ ಪಾಠ ಮಾಡ್ತೇನೆ. ನಿಮ್ಮ ಸಮಸ್ಯೆ ಓದಿನದ್ದಲ್ಲ. ನೀವು ಮೂರು ವರ್ಷ ಕಣ್ಣಲ್ಲಿ ಓದಿದ್ದೀರಿ, ಬಾಯಲ್ಲಿ ಓದಿಲ್ಲ, ಅಷ್ಟೇ.

ನಮ್ಮ ಕಡೆ ತಾಳಮದ್ದಳೆ ಇದೆಯಲ್ಲ, ವೈವಾ (ಬಾಯಿ ಪರೀಕ್ಷೆ) ಹಾಗೇ ಮಾರಾಯ್ರೆ. ಪ್ರಸಂಗ ಎಲ್ಲರಿಗೂ ಗೊತ್ತು. ಆದರೆ ಎದುರಿನ ಅರ್ಥಧಾರಿ ಯಾವ ಮಾತು ಎತ್ತುತ್ತಾನೋ ಅದಕ್ಕೆ ಅಲ್ಲೇ ಕೂತು ಉತ್ತರ ಹೊಳೆಯಬೇಕು. ಅದು ದಿನಾ ಜೋರಾಗಿ ಮಾತಾಡಿದ್ರೆ ಮಾತ್ರ ಬರೋದು.

ದಿನಾ ಓಟಿಯಲ್ಲಿ ನಿಮ್ಮ ಮೊದಲ ಕೇಸನ್ನೇ ಎಕ್ಸಾಮ್ ಕೇಸ್ ಅಂತ ಇಟ್ಟುಕೊಳ್ಳಿ. ಪ್ರೀ-ಅನಸ್ತೆಟಿಕ್ ಚೆಕಪ್ ಮುಗಿಸಿ ಜೂನಿಯರ್ ಪಿಜಿ ಎದುರು ನಿಂತು ಪ್ರೆಸೆಂಟ್ ಮಾಡಿ. ಅವರಿಗೆ ಒಂದೇ ಕೆಲಸ, ಪ್ರತಿ ವಾಕ್ಯಕ್ಕೂ "ಯಾಕೆ?" ಅಂತ ಕೇಳೋದು. ಜೂನಿಯರ್‌ಗಳ "ಯಾಕೆ" ಕೆಲವು ಸಲ ಪರೀಕ್ಷಕರದ್ದಕ್ಕಿಂತ ಕಷ್ಟ ಇರುತ್ತೆ.

ಗ್ಯಾಸ್‌ಮ್ಯಾನ್
+1. ಇನ್ನೊಂದು ಸೇರಿಸ್ತೀನಿ. ನಿಮ್ಮ ಪ್ರೆಸೆಂಟೇಶನ್ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. "ಆಕ್ಚುಲಿ", "ಬೇಸಿಕಲಿ" ಎಷ್ಟು ಸಲ ಬಂತು ಅಂತ ಎಣಿಸಿದ್ರೆ ನಾಚಿಕೆ ಆಗುತ್ತೆ.

ಡಿಎನ್‌ಬಿ_ದೋಸ್ತ್
ನಮ್ಮದು ಡಿಎನ್‌ಬಿ, ಎಂಡಿಗೆ ಸಮಾನವಾದ ನ್ಯಾಷನಲ್ ಬೋರ್ಡ್ ಡಿಗ್ರಿ. ಥಿಯರಿ ನಮಗೂ ನಾಲ್ಕು ಪೇಪರ್, ಒಂದೊಂದು 100 ಮಾರ್ಕ್ಸ್, ಮೂರು ಗಂಟೆ. ಒಂದು ಪೇಪರಿಗೆ 10 ಪ್ರಶ್ನೆ. ಅಂದ್ರೆ ಒಂದು ಪ್ರಶ್ನೆಗೆ 18 ನಿಮಿಷ ಮಾತ್ರ. ನೀವು ಥಿಯರಿ "ಹೇಗೋ ಬರೀತೀನಿ" ಅಂದ್ರಲ್ಲ, ಅದನ್ನ ಅಷ್ಟು ಹಗುರವಾಗಿ ತಗೋಬೇಡಿ. ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬರೆದು ನೋಡಿದ್ದೀರಾ? ಮೂರನೇ ಪ್ರಶ್ನೆಗೇ ಕೈ ನೋಯುತ್ತೆ. ಮೂರು ವರ್ಷದಿಂದ ನಾವು ಬರೆದಿರೋದು ಅನಸ್ತೇಶಿಯಾ ಚಾರ್ಟ್ ಮಾತ್ರ ಅಲ್ವಾ.

ನೈಟ್‌ಡ್ಯೂಟಿ_ನವಮಿ
ಪೂರ್ತಿ ಪೇಪರ್ ಬರೆದಿಲ್ಲ 🙈 ಈ ಭಾನುವಾರ ಒಂದು ಬರೀತೀನಿ. ಬೇನ್ ಸರ್, ಜೂನಿಯರ್ ಎದುರು ಪ್ರೆಸೆಂಟ್ ಮಾಡೋದು ಚೆನ್ನಾಗಿದೆ. ಲಾಂಗ್ ಕೇಸ್ ಬಗ್ಗೆ ಯಾರಾದ್ರೂ ಹೇಳಿ.

ಹುಬ್ಳಿ_ಹೈದ
ಲಾಂಗ್ ಕೇಸ್ ಅಂದ್ರ ನಮ್ಮ ಕಡೆ ಮೈಟ್ರಲ್ ಸ್ಟೆನೋಸಿಸ್, ಹೃದಯದ ಎಡಗಡೆ ವಾಲ್ವ್ ಕಿರಿದಾಗೋದು. ಕಣ್ಣು ಮುಚ್ಚಿ ಓದ್ರಿ. ಅದೂ ಗರ್ಭಿಣಿಗೆ ಇದ್ರೆ ಇನ್ನೂ ಖುಷಿ ಪರೀಕ್ಷಕರಿಗೆ. ಉಳಿದಂತೆ ಬಿಪಿ ಏರಿದ ಗರ್ಭಿಣಿ, ಗಾಯಿಟರ್ (ಥೈರಾಯ್ಡ್ ಗಡ್ಡೆ), ಸುಟ್ಟ ಗಾಯದಿಂದ ಕುತ್ತಿಗೆ ಅಂಟಿಕೊಂಡವರು, ದಮ್ಮಿನ ರೋಗಿಗೆ ಗಾಲ್‌ಬ್ಲಾಡರ್.

ಮೈಟ್ರಲ್‌ಗೆ ವಾಲ್ವ್ ಏರಿಯಾ 1 ಚದರ ಸೆಂಟಿಮೀಟರ್‌ಗಿಂತ ಕಡಿಮೆ ಇದ್ರೆ ಸಿವಿಯರ್, 1ರಿಂದ 1.5 ಮಾಡರೇಟ್. ಇದು ಬಾಯಿಪಾಠ ಇರಲಿ.

ಪರೀಕ್ಷಕ_ಅಲ್ಲ
ಸ್ವಲ್ಪ ನಿಲ್ಲಿ. ಅದು ಹಳೆಯ ವರ್ಗೀಕರಣ. 2014ರ ಅಮೆರಿಕನ್ ಹೃದಯ ಸಂಘಗಳ ಗೈಡ್‌ಲೈನ್ ಪ್ರಕಾರ 1.5 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೇ ಸಿವಿಯರ್. 1 ಅಥವಾ ಅದಕ್ಕಿಂತ ಕಡಿಮೆ ಆದರೆ ವೆರಿ ಸಿವಿಯರ್.

ಹುಬ್ಳಿ_ಹೈದ
ಸರ್, ಎಲ್ಲಾ ಪುಸ್ತಕದಾಗ ಹಳೆಯದೇ ಅದ. ಪರೀಕ್ಷಕರೂ ಹಳೆಯದನ್ನೇ ಓದಿರ್ತಾರೆ. ಹೊಸದು ಹೇಳಿ ಜಗಳ ಯಾಕೆ?

ಪರೀಕ್ಷಕ_ಅಲ್ಲ
ಜಗಳ ಬೇಡ. "ಹಳೆಯ ವರ್ಗೀಕರಣದಲ್ಲಿ ಮಾಡರೇಟ್, 2014ರ ಪ್ರಕಾರ ಸಿವಿಯರ್" ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ. ಕೇಳುವವರು ಯಾವುದನ್ನೇ ಓದಿರಲಿ, ನಿಮಗೆ ಎರಡೂ ಗೊತ್ತು ಅಂತ ಆಗುತ್ತೆ.

ಆದರೆ ನಿಜ ಹೇಳಬೇಕಂದ್ರೆ ನಂಬರ್‌ಗೆ ಅಷ್ಟು ಬೆಲೆ ಇಲ್ಲ. ನಾನು ನೋಡಿದ ಹಾಗೆ ಹುಡುಗರು ಎಡವೋದು ಮುಂದಿನ ಪ್ರಶ್ನೆಗೆ. "ಹಾರ್ಟ್ ರೇಟ್ ಏರಬಾರದು ಅಂತೀಯಲ್ಲ, ಏರಿದ್ರೆ ಏನಾಗುತ್ತೆ?" ಎಲ್ಲರೂ "ಪಲ್ಮನರಿ ಎಡೀಮಾ ಸರ್" (ಶ್ವಾಸಕೋಶದಲ್ಲಿ ನೀರು) ಅಂತ ಹಾರುತ್ತಾರೆ. ನಡುವಿನ ಮೆಟ್ಟಿಲು ಹೇಳಲ್ಲ. ರೇಟ್ ಏರಿದ್ರೆ ಡಯಾಸ್ಟೊಲಿ (ಹೃದಯ ಸಡಿಲವಾಗಿ ರಕ್ತ ತುಂಬಿಕೊಳ್ಳೋ) ಸಮಯ ಕಡಿಮೆ ಆಗುತ್ತೆ. ಕಿರಿದಾದ ವಾಲ್ವ್‌ನಲ್ಲಿ ರಕ್ತ ಇಳಿಯೋಕೆ ಸಮಯ ಸಾಲಲ್ಲ. ಎಡ ಏಟ್ರಿಯಂನಲ್ಲಿ (ಹೃದಯದ ಎಡ ಮೇಲಿನ ಕೋಣೆ) ಒತ್ತಡ ಏರುತ್ತೆ, ಅದು ಹಿಂದಕ್ಕೆ ಶ್ವಾಸಕೋಶಕ್ಕೆ ಹೋಗುತ್ತೆ. ಈ ನಾಲ್ಕು ಮೆಟ್ಟಿಲು ಇಳಿದವರಿಗೆ ಮಾರ್ಕ್ಸ್ ತಾನಾಗಿ ಬರುತ್ತೆ. ಹೆರಿಗೆ ಆದ ಮೇಲೆ ಗರ್ಭಕೋಶದಿಂದ ರಕ್ತ ವಾಪಸ್ ಬಂದಾಗ ಏನಾಗುತ್ತೆ, ಆಕ್ಸಿಟೋಸಿನ್ ಬೋಲಸ್ (ಒಂದೇ ಸಲಕ್ಕೆ ಕೊಡೋದು) ಯಾಕೆ ಬೇಡ, ಇವೆಲ್ಲ ಇದೇ ದಾರಿಯಲ್ಲಿ ಬರುತ್ತವೆ.

ಗ್ಯಾಸ್‌ಮ್ಯಾನ್
"ಪರೀಕ್ಷಕ_ಅಲ್ಲ" ಅಂತ ಹೆಸರಿಟ್ಟುಕೊಂಡು ಪರೀಕ್ಷಕರ ತರಹವೇ ಮಾತಾಡ್ತಾ ಇದ್ದೀರಲ್ಲ ಸರ್ 😂

ಪರೀಕ್ಷಕ_ಅಲ್ಲ
ಹೆಸರನ್ನು ನಂಬಿ.

ಓಟಿ4
ಹಿಸ್ಟರಿ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ಜನ ಪರೀಕ್ಷಕರಲ್ಲಿ ಇಬ್ಬರು ಹೊರಗಿನವರು. ಅವರಿಗೆ ಕನ್ನಡ ಬರಲ್ಲ, ನಿಮ್ಮ ಪೇಷಂಟ್‌ಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಹಾಗಾಗಿ ನೀವು ಕೇಳಿ ತಂದಿದ್ದೇ ವೇದವಾಕ್ಯ.

ಎಲ್ಲರೂ "ಎರಡು ಮಹಡಿ ಮೆಟ್ಟಿಲು ಹತ್ತುತ್ತೀರಾ?" ಅಂತ ಕೇಳ್ತಾರೆ, 4 ಮೆಟ್ಸ್ (ದೇಹ ಎಷ್ಟು ಶ್ರಮ ತಡೆಯುತ್ತೆ ಅನ್ನೋ ಅಳತೆ) ಲೆಕ್ಕಕ್ಕೆ. ಹಳ್ಳಿಯ ಅಜ್ಜಿ ಮನೆಗೆ ಮೆಟ್ಟಿಲೇ ಇಲ್ಲ! ಒಬ್ಬ ಹುಡುಗ ಇದಕ್ಕೆ "ಮೆಟ್ಟಿಲು ಹತ್ತೋಕಾಗಲ್ಲ, ಎಫರ್ಟ್ ಟಾಲರೆನ್ಸ್ ಕಡಿಮೆ" ಅಂತ ಬರೆದಿದ್ದ. ಪರೀಕ್ಷಕರು ಅಜ್ಜಿಯನ್ನೇ ಕೇಳಿಸಿದ್ರು. ಅಜ್ಜಿ ಹೇಳಿದ್ದು: "ಮೆಟ್ಲ ಎಲ್ಲೈತಪ್ಪ ನಮ್ಮನ್ಯಾಗ? ಎರಡ ಕೊಡ ನೀರ ಬೋರ್‌ವೆಲ್ಲಿಂದ ನಾನ ತರ್ತೀನಿ." ಅಲ್ಲಿಗೆ ಅವನ ಅರ್ಧ ಪ್ಲಾನ್ ಕುಸಿಯಿತು.

ಲಿವರ್‌ಪೂಲ್_ಕನ್ನಡತಿ
ಹಹ್ಹಾ, ಇಲ್ಲಿ ಇದನ್ನೇ ಅಳೆಯೋಕೆ ಡ್ಯೂಕ್ ಪ್ರಶ್ನಾವಳಿ ಬಳಸ್ತೀವಿ. 12 ಪ್ರಶ್ನೆ. ಅದರಲ್ಲಿ ಗಾಲ್ಫ್, ಟೆನಿಸ್, ಸ್ಕೀಯಿಂಗ್ ಎಲ್ಲ ಇದೆ. ಬೀದರ್ ರೈತರಿಗೆ "ಸ್ಕೀಯಿಂಗ್ ಮಾಡ್ತೀರಾ ಯಜಮಾನ್ರೇ" ಅಂತ ಕೇಳೋದನ್ನ ಕಲ್ಪಿಸಿಕೊಳ್ಳಿ.

ಹುಬ್ಳಿ_ಹೈದ
ಜೋಳದ ಚೀಲ ಹೊರ್ತೀರಾ, ಕುಂಟೆ ಹೊಡೀತೀರಾ, ಜಾತ್ರೆಗೆ ನಡ್ಕೊಂಡು ಹೋಗ್ತೀರಾ, ದಾರಿಯಲ್ಲಿ ಎಷ್ಟು ಸಲ ಕೂರ್ತೀರಾ. ಇಷ್ಟು ಕೇಳಿದ್ರೆ ಸಾಕು.

ಡಿಎನ್‌ಬಿ_ದೋಸ್ತ್
ಮಷೀನ್ ಟೇಬಲ್‌ಗೆ ಬರೋಣ. ಖಂಡಿತ ಕೇಳೋದು ಸಿಲಿಂಡರ್. ಆಕ್ಸಿಜನ್ ಕಪ್ಪು ಮೈ, ಬಿಳಿ ಭುಜ. ನೈಟ್ರಸ್ ಆಕ್ಸೈಡ್ ನೀಲಿ. ಪಿನ್ ಇಂಡೆಕ್ಸ್ (ತಪ್ಪು ಸಿಲಿಂಡರ್ ಕೂರದ ಹಾಗೆ ಇರೋ ಪಿನ್ ಜಾಗ) ಆಕ್ಸಿಜನ್ 2-5, ನೈಟ್ರಸ್ 3-5, ಏರ್ 1-5. ಗೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋದು ಕಲಿಯಿರಿ. ಆಕ್ಸಿಜನ್ 2000 ಪಿಎಸ್‌ಐ ಇದ್ದದ್ದು 1000 ಆದ್ರೆ ಅರ್ಧ ಖಾಲಿ. ನೈಟ್ರಸ್ 750 ಇದ್ದದ್ದು 375 ಆದ್ರೆ ಅರ್ಧ.

ಗ್ಯಾಸ್‌ಮ್ಯಾನ್
ಅಯ್ಯೋ ದೋಸ್ತ್! ನೈಟ್ರಸ್‌ಗೆ ಹಾಗೆ ಹೇಳಿದ್ರೆ ಅಲ್ಲೇ ಬೆಲ್ ಹೊಡೀತಾರೆ. ನೈಟ್ರಸ್ ಸಿಲಿಂಡರ್ ಒಳಗೆ ದ್ರವ ಇರುತ್ತೆ, ಅದರ ಕ್ರಿಟಿಕಲ್ ಟೆಂಪರೇಚರ್ (ಇದಕ್ಕಿಂತ ಬಿಸಿ ಇದ್ರೆ ಎಷ್ಟು ಒತ್ತಿದ್ರೂ ದ್ರವ ಆಗಲ್ಲ) 36.5 ಡಿಗ್ರಿ. ದ್ರವ ಇರೋವರೆಗೂ ಗೇಜ್ 750 ಹತ್ರಾನೇ ನಿಂತಿರುತ್ತೆ. ದ್ರವ ಪೂರ್ತಿ ಮುಗಿದ ಮೇಲೆ ಗೇಜ್ ಬೀಳೋಕೆ ಶುರು, ಆಗ ಉಳಿದಿರೋದು ಸುಮಾರು ಕಾಲು ಭಾಗ ಮಾತ್ರ. ಎಷ್ಟು ಇದೆ ಅಂತ ತಿಳೀಬೇಕಂದ್ರೆ ತೂಕ ಹಾಕಬೇಕು. ಆಕ್ಸಿಜನ್‌ನ ಕ್ರಿಟಿಕಲ್ ಟೆಂಪರೇಚರ್ ಮೈನಸ್ 118ರ ಆಸುಪಾಸು, ಅದಕ್ಕೇ ಅದು ಸಿಲಿಂಡರಲ್ಲಿ ಗ್ಯಾಸ್ ಆಗಿಯೇ ಇರುತ್ತೆ, ಗೇಜ್ ನಂಬಬಹುದು.

ನೈಟ್‌ಡ್ಯೂಟಿ_ನವಮಿ
ಇದನ್ನ ನಾನು ಓದಿದ್ದೀನಿ, ಬರೆದೂ ಇದ್ದೀನಿ. ಆದರೆ "ಯಾಕೆ ಗೇಜ್ ಬೀಳಲ್ಲ?" ಅಂದ್ರೆ ಇಷ್ಟು ಸಲೀಸಾಗಿ ಬರಲ್ಲ.

ಬೇನ್‌ಸರ್ಕ್ಯೂಟ್
ಮುಟ್ಟಿ ಹೇಳಿ ನವಮಿ. ಮಷೀನನ್ನು ಪುಸ್ತಕದಲ್ಲಿ ಓದಬೇಡಿ. ಬೆಳಿಗ್ಗೆ ಮೊದಲ ಕೇಸ್‌ಗೆ ಮುಂಚೆ ಓಟಿಗೆ ಹೋಗಿ, ಮಷೀನ್ ಪಕ್ಕ ನಿಂತು, ಕೈ ಇಟ್ಟಲ್ಲಿ ಇರೋದರ ಬಗ್ಗೆ ಬಾಯಿಬಿಟ್ಟು ಹೇಳಿ. ಚೆಕ್ ಶುರುವಾಗೋದು ಮಷೀನಿಂದಲ್ಲ, ಪಕ್ಕದಲ್ಲಿ ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡೋದು) ಇದೆಯಾ, ಕೆಲಸ ಮಾಡುತ್ತಾ ಅನ್ನೋದರಿಂದ. ಇದನ್ನು ಮೊದಲು ಹೇಳಿದವರು ಓಟಿಯಲ್ಲಿ ನಿಜವಾಗಿ ಚೆಕ್ ಮಾಡ್ತಾರೆ ಅಂತ ಪರೀಕ್ಷಕರಿಗೆ ಗೊತ್ತಾಗುತ್ತೆ.

ನನ್ನ ಹೆಸರಿನ ಸರ್ಕ್ಯೂಟ್ ಬಗ್ಗೆ ಹೇಳದೆ ಇರೋಕಾಗಲ್ಲ. ಬೇನ್ ಅಂದ್ರೆ ಮೇಪಲ್‌ಸನ್ ಡಿ ಅನ್ನೋ ಉಸಿರಾಟದ ಸರ್ಕ್ಯೂಟ್‌ನ ಬದಲಾವಣೆ, 1972ರದ್ದು. ಒಳ ಕೊಳವೆಯಲ್ಲಿ ಹೊಸ ಗ್ಯಾಸ್ ಬರುತ್ತೆ, ಹೊರ ಕೊಳವೆಯಲ್ಲಿ ಉಸಿರು ಹೋಗುತ್ತೆ. ಒಳಗಿನದ್ದು ಕಳಚಿಕೊಂಡಿದ್ರೆ ಇಡೀ ಸರ್ಕ್ಯೂಟ್ ಡೆಡ್ ಸ್ಪೇಸ್, ಬಿಟ್ಟ ಉಸಿರನ್ನೇ ಮತ್ತೆ ಎಳೆಯೋ ಹಾಗಾಗುತ್ತೆ. ಅದನ್ನು ಹೇಗೆ ಕಂಡುಹಿಡೀತೀರಿ? ಪೇಷಂಟ್ ಕಡೆಯ ತುದಿ ಮುಚ್ಚಿ, ಬ್ಯಾಗ್ ತುಂಬಿಸಿ. ಆಮೇಲೆ ತುದಿ ಬಿಟ್ಟು ಆಕ್ಸಿಜನ್ ಫ್ಲಶ್ ಒತ್ತಿ. ಒಳ ಕೊಳವೆ ಸರಿ ಇದ್ರೆ ವೆಂಚುರಿ ಪರಿಣಾಮದಿಂದ ಬ್ಯಾಗ್ ಸೊರಗುತ್ತೆ. ಬ್ಯಾಗ್ ಉಬ್ಬಿಕೊಂಡೇ ಇದ್ರೆ ಆ ಸರ್ಕ್ಯೂಟ್ ಪಕ್ಕಕ್ಕಿಡಿ. ಇದು ಪೆಥಿಕ್ ಟೆಸ್ಟ್. ಬರೆದು ಕಲಿತವರು "ಬ್ಯಾಗ್ ಉಬ್ಬುತ್ತೆ, ಅಲ್ಲಲ್ಲ ಸೊರಗುತ್ತೆ" ಅಂತ ತಡವರಿಸ್ತಾರೆ. ಒಂದು ಸಲ ಕೈಯಲ್ಲಿ ಮಾಡಿದವರು ತಡವರಿಸಲ್ಲ.

ಸರ್ಜನ್_ಪಕ್ಕದಲ್ಲಿ
ಓಹೋ, ಬೆಳಿಗ್ಗೆ ನನ್ನ ಕೇಸ್ ಲೇಟ್ ಆಗೋದು ಇದಕ್ಕೇನಾ. ನೀವು ಮಷೀನ್ ಜೊತೆ ಮಾತಾಡ್ತಾ ಇರ್ತೀರಾ.

ಗ್ಯಾಸ್‌ಮ್ಯಾನ್
ಸರ್, ನಿಮ್ಮ "ಅರ್ಧ ಗಂಟೆ ಕೇಸ್" ಮೂರು ಗಂಟೆ ಆಗೋದರ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ.

ಸರ್ಜನ್_ಪಕ್ಕದಲ್ಲಿ
ಬೇಡ ಬೇಡ 🙏

ಸುಮ್ನೆ_ಓದೋಳು
ನಾನು ಡಾಕ್ಟರ್ ಅಲ್ಲ, ಸುಮ್ನೆ ಓದ್ತಾ ಇದ್ದೆ. ಒಂದು ಪ್ರಶ್ನೆ. ನಮ್ಮ ಅತ್ತೆಯವರು ಆಪರೇಷನ್ ದಿನ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದ್ರು ಅಂತ ಆಪರೇಷನ್ನೇ ಮುಂದಕ್ಕೆ ಹಾಕಿದ್ರು. ಬರೀ ಕಾಫಿ, ತಿಂಡಿ ಏನೂ ತಿಂದಿರಲಿಲ್ಲ. ಒಂದು ಲೋಟ ಕಾಫಿಗೆ ಇಷ್ಟೊಂದಾ?

ಓಟಿ4
ಅಕ್ಕ, ನಮ್ಮ ಕಾಫಿಯಲ್ಲಿ ಮುಕ್ಕಾಲು ಹಾಲೇ ಅಲ್ವಾ. ಹಾಲು ಹೊಟ್ಟೆಗೆ ಹೋದ ಮೇಲೆ ಅದು ನೀರಲ್ಲ, ಊಟದ ಲೆಕ್ಕ. ಅದಕ್ಕೆ 6 ಗಂಟೆ. ನೀರು, ಹಾಲು ಹಾಕದ ಕಪ್ಪು ಕಾಫಿಗೆ 2 ಗಂಟೆ ಸಾಕು. ತಾಯಿ ಹಾಲಿಗೆ 4, ಎಣ್ಣೆ ತುಪ್ಪದ ಊಟಕ್ಕೆ 8. ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿ ಇರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಕಷ್ಟ. ಮುಂದಕ್ಕೆ ಹಾಕಿದವರು ಸರಿಯಾಗೇ ಮಾಡಿದ್ದಾರೆ.

ಸುಮ್ನೆ_ಓದೋಳು
ಓ ಹಾಗಾ. ಇದನ್ನ ಮೊದಲೇ ಹೀಗೆ ಹೇಳಿದ್ರೆ ಅತ್ತೆ ಕುಡೀತಾನೇ ಇರಲಿಲ್ಲ. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂದಿದ್ರು ಅಷ್ಟೇ. ಅವರ ಪ್ರಕಾರ ಕಾಫಿ ಕುಡಿದ್ರೂ ಹೊಟ್ಟೆ ಖಾಲಿನೇ.

ಪರೀಕ್ಷಕ_ಅಲ್ಲ
ನವಮಿ, ಓಟಿ4 ಅವರ ಉತ್ತರ ನೋಡಿ. ಪುಸ್ತಕದ ಪದ ಒಂದೂ ಇಲ್ಲ, ಆದರೆ ಬೇಕಾದ್ದೆಲ್ಲ ಇದೆ. ಡಾಕ್ಟರ್ ಅಲ್ಲದವರಿಗೆ ಅರ್ಥ ಆಗೋ ಹಾಗೆ ಹೇಳೋಕೆ ಬಂದ್ರೆ ಪರೀಕ್ಷಕರಿಗೆ ಹೇಳೋದು ಸುಲಭ.

ನೈಟ್‌ಡ್ಯೂಟಿ_ನವಮಿ
ಹಾಗಾದ್ರೆ ನಮ್ಮ ಅಮ್ಮನಿಗೆ ಫೋನ್ ಮಾಡಿ ಮೇಪಲ್‌ಸನ್ ಹೇಳ್ತೀನಿ ಸರ್ 😄 ಡ್ರಗ್ಸ್ ಮತ್ತೆ ಎಬಿಜಿ ಟೇಬಲ್?

ಡಿಎನ್‌ಬಿ_ದೋಸ್ತ್
ನೈಟ್ರಸ್‌ನಲ್ಲಿ ಮರ್ಯಾದೆ ಹೋಯ್ತು, ಡ್ರಗ್ಸಲ್ಲಿ ಉಳಿಸಿಕೊಳ್ತೀನಿ. ಡೋಸ್ ಎಂಜಿಯಲ್ಲಿ ಹೇಳಿ ಸುಮ್ಮನಾಗಬೇಡಿ, "ಎಷ್ಟು ಎಂಎಲ್?" ಅಂತಾರೆ. 2 ಪರ್ಸೆಂಟ್ ಲಿಗ್ನೋಕೇನ್ (ಮರಗಟ್ಟಿಸೋ ಔಷಧಿ) ಅಂದ್ರೆ ಒಂದು ಎಂಎಲ್‌ಗೆ 20 ಎಂಜಿ. ಅಡ್ರಿನಲಿನ್ ಜೊತೆ ಕೆಜಿಗೆ 7 ಎಂಜಿ. 50 ಕೆಜಿ ಪೇಷಂಟ್‌ಗೆ 350 ಎಂಜಿ, ಅಂದ್ರೆ 17.5 ಎಂಎಲ್. ಅಡ್ರಿನಲಿನ್ 2 ಲಕ್ಷಕ್ಕೆ 1 ಅಂದ್ರೆ ಎಂಎಲ್‌ಗೆ 5 ಮೈಕ್ರೋಗ್ರಾಂ. ಮಿತಿ ಮೀರಿ ಫಿಟ್ಸ್ ಬಂದು ಹಾರ್ಟ್ ನಿಲ್ಲೋ ಹಾಗಾದ್ರೆ 20 ಪರ್ಸೆಂಟ್ ಲಿಪಿಡ್, ಕೆಜಿಗೆ 1.5 ಎಂಎಲ್ ಬೋಲಸ್. "ನಿಮ್ಮ ಓಟಿಯಲ್ಲಿ ಲಿಪಿಡ್ ಎಲ್ಲಿ ಇಟ್ಟಿದ್ದಾರೆ?" ಅಂತಲೂ ಕೇಳ್ತಾರೆ. ಇವತ್ತೇ ಹೋಗಿ ನೋಡಿಕೊಂಡು ಬನ್ನಿ, ನಿಜವಾಗ್ಲೂ.

ಗ್ಯಾಸ್‌ಮ್ಯಾನ್
ಈ ಸಲ ಸರಿ ಇದೆ ದೋಸ್ತ್, ಪಾಸ್.

ಎಬಿಜಿಗೆ ಒಂದು ಲೆಕ್ಕ ಕೊಡ್ತೀನಿ, ಎಲ್ಲರೂ ಮಾಡಿ. ಪಿಎಚ್ 7.2, ಕಾರ್ಬನ್ ಡೈಆಕ್ಸೈಡ್ 32, ಬೈಕಾರ್ಬ್ 12. ಏನು?

ಹುಬ್ಳಿ_ಹೈದ
ಮೆಟಬಾಲಿಕ್ ಅಸಿಡೋಸಿಸ್ (ಬೈಕಾರ್ಬ್ ಇಳಿದು ರಕ್ತ ಆಮ್ಲ ಆಗೋದು), ಕಾರ್ಬನ್ ಡೈಆಕ್ಸೈಡ್ ಇಳಿದಿದೆ, ಅಂದ್ರೆ ಕಾಂಪೆನ್ಸೇಟ್ ಆಗಿದೆ. ಮುಗೀತು.

ನೈಟ್‌ಡ್ಯೂಟಿ_ನವಮಿ
ಇರಿ ಇರಿ. ವಿಂಟರ್ ಫಾರ್ಮುಲಾ, ಕಾರ್ಬನ್ ಡೈಆಕ್ಸೈಡ್ ಎಷ್ಟಿರಬೇಕು ಅನ್ನೋ ಲೆಕ್ಕ: 12ರ ಒಂದೂವರೆ ಪಟ್ಟು 18, ಅದಕ್ಕೆ 8 ಸೇರಿಸಿದ್ರೆ 26. ಎರಡು ಹೆಚ್ಚು ಕಡಿಮೆ. ಅಂದ್ರೆ 24ರಿಂದ 28ರ ಒಳಗೆ ಇರಬೇಕಿತ್ತು. ಇದು 32. ಇಳಿದಿದೆ, ಆದರೆ ಇಳಿಯಬೇಕಾದಷ್ಟು ಇಳಿದಿಲ್ಲ. ಜೊತೆಗೆ ರೆಸ್ಪಿರೇಟರಿ ಅಸಿಡೋಸಿಸ್ ಕೂಡ ಇದೆ. ಪೇಷಂಟ್ ಉಸಿರಾಡಿ ಸುಸ್ತಾಗ್ತಾ ಇದ್ದಾರೆ. ಟ್ಯೂಬ್ ಹಾಕೋಕೆ ರೆಡಿ ಆಗಬೇಕು.

ಗ್ಯಾಸ್‌ಮ್ಯಾನ್
ಯಾರು ಹೇಳಿದ್ದು ನಿಮಗೆ ಬಾಯಿ ಬರಲ್ಲ ಅಂತ? ಪೂರ್ತಿ ಉತ್ತರ. ಕೊನೆಯ ಎರಡು ವಾಕ್ಯಕ್ಕೇ ಜಾಸ್ತಿ ಮಾರ್ಕ್ಸ್.

ಹುಬ್ಳಿ_ಹೈದ
ಮೇಡಂ, ನೀವೇ ನನಗೆ ಹೇಳಿಕೊಡ್ರಿ.

ಲಿವರ್‌ಪೂಲ್_ಕನ್ನಡತಿ
ಸ್ವಲ್ಪ ಬೇರೆ ವಿಷಯ. ಎಂಡಿ ಓದು ತಲೆಯಲ್ಲಿ ಬಿಸಿ ಇರೋವಾಗಲೇ ಅನಸ್ತೇಶಿಯಾದ ಯುರೋಪಿಯನ್ ಡಿಪ್ಲೊಮಾ ಮೊದಲ ಭಾಗ ಬರೆದುಬಿಡಿ. ಎರಡು ಪೇಪರ್, ಒಂದೊಂದರಲ್ಲಿ 60 ಪ್ರಶ್ನೆ, ಪ್ರತಿ ಪ್ರಶ್ನೆಗೆ ಐದು ಸರಿ-ತಪ್ಪು. ತಪ್ಪಿಗೆ ಮಾರ್ಕ್ಸ್ ಕಳೆಯಲ್ಲ. ಎರಡನೇ ಭಾಗ ಪೂರ್ತಿ ಮಾತು: 25 ನಿಮಿಷದ ನಾಲ್ಕು ವೈವಾ. ನಾನು ಅದಕ್ಕೆ ತಯಾರಿ ಮಾಡಿದ್ದು ಗೆಳತಿ ಜೊತೆ ವೀಡಿಯೋ ಕಾಲಲ್ಲಿ. ಅವಳು ಮೈಸೂರಲ್ಲಿ, ನಾನು ಇಲ್ಲಿ. ನನ್ನ ಸಂಜೆ ಅವಳ ನಡುರಾತ್ರಿ. ಪಾಪ, ಆಕಳಿಸ್ತಾ ಪ್ರಶ್ನೆ ಕೇಳ್ತಿದ್ಲು.

ಓಟಿ4
ಮೊದಲು ಇಲ್ಲಿ ಪಾಸಾಗಲಿ ಅಕ್ಕ, ಆಮೇಲೆ ಯುರೋಪು.

ಲಿವರ್‌ಪೂಲ್_ಕನ್ನಡತಿ
ಎರಡಕ್ಕೂ ಓದು ಒಂದೇ ಅಲ್ವಾ? ಫಿಸಿಕ್ಸ್, ಫಾರ್ಮಕಾಲಜಿ, ಫಿಸಿಯಾಲಜಿ. ಬರೆಯೋ ರೀತಿ ಮಾತ್ರ ಬೇರೆ.

ಓಟಿ4
ಫೀಸೂ ಬೇರೆ. ನಮ್ಮ ಸ್ಟೈಪೆಂಡ್ ಯೂರೋದಲ್ಲಿ ಎಣಿಸಿದ್ರೆ ಅಳು ಬರುತ್ತೆ.

ಹುಬ್ಳಿ_ಹೈದ
ಡಿಸ್ಟ್ರಿಕ್ಟ್ ರೆಸಿಡೆನ್ಸಿಯ ಮೂರು ತಿಂಗಳು ಯಾರೂ ವೇಸ್ಟ್ ಅನ್ನಬ್ಯಾಡ್ರಿ. ಜಿಲ್ಲಾಸ್ಪತ್ರೆಯಲ್ಲಿ ಬೆಳೆಗೆ ಹೊಡೆಯೋ ಔಷಧಿ ಕುಡಿದು ಬಂದವರನ್ನು ನೋಡಿದ್ದೇ ನನಗೆ ವೈವಾದಲ್ಲಿ ಕೈ ಹಿಡೀತು. "ಅಟ್ರೋಪಿನ್ (ಆ ವಿಷಕ್ಕೆ ಕೊಡೋ ಮದ್ದು) ಯಾವಾಗ ಸಾಕು ಅಂತೀಯಾ?" ಅಂದ್ರು. ಪಕ್ಕದವನು ಕಣ್ಣಿನ ಪಾಪೆ ಅಂದ. ನಾನು ಎದೆ ಕ್ಲಿಯರ್ ಆಗಬೇಕು, ಪಲ್ಸ್ 80 ದಾಟಬೇಕು, ಬಿಪಿ ಮೇಲಿನದ್ದು 80 ದಾಟಬೇಕು ಅಂದೆ. ಪಾಪೆ ನಂಬಿದ್ರೆ ಮೋಸ. ಅಂಥವರಿಗೆ ಸಕ್ಸಾಮಿಥೋನಿಯಂ (ಸ್ನಾಯು ಸಡಿಲಿಸೋ ಔಷಧಿ) ಕೊಟ್ರೆ ಪರಿಣಾಮ ಬಹಳ ಹೊತ್ತು ಇಳಿಯಲ್ಲ, ಅದನ್ನೂ ಸೇರಿಸಿ ಹೇಳ್ರಿ.

ಪರೀಕ್ಷಕ_ಅಲ್ಲ
ಇದು ಒಳ್ಳೆಯ ಉತ್ತರ. ನಮ್ಮ ದೇಶದ್ದೇ ಆದ ವಿಷಯಗಳನ್ನು ಬಿಡಬೇಡಿ. ಎಲ್ಲರೂ ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ (ಉಸಿರಿನ ಟ್ಯೂಬ್ ಹಾಕೋದು ಕಷ್ಟವಾದಾಗಿನ) ಪ್ಲಾನ್ ಎ, ಬಿ, ಸಿ, ಡಿ ಹೇಳ್ತಾರೆ. ನಮ್ಮ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘದ ಗೈಡ್‌ಲೈನ್ 2016ರಲ್ಲಿ ಬಂದಿದೆ. ಅದು ಗೊತ್ತಾ ಅಂದ್ರೆ ಮುಖ ನೋಡ್ತಾರೆ. ಸಿಪಿಆರ್‌ಗೂ ಅಷ್ಟೇ. ಸಾಮಾನ್ಯ ಜನರಿಗೆ ಬರೀ ಎದೆ ಒತ್ತೋದು ಕಲಿಸುವ ಕೋಲ್ಸ್ ನಮ್ಮಲ್ಲೇ ಮಾಡಿದ್ದು.

ಡಿಎನ್‌ಬಿ_ದೋಸ್ತ್
ಗೊತ್ತಿಲ್ಲದ್ದು ಕೇಳಿದ್ರೆ? ಸುಮ್ನೆ ಏನಾದ್ರೂ ಹೇಳಬೇಕಾ, "ಗೊತ್ತಿಲ್ಲ ಸರ್" ಅನ್ನಬೇಕಾ?

ಬೇನ್‌ಸರ್ಕ್ಯೂಟ್
ಮಾಹಿತಿ ಕೇಳಿದ್ರೆ "ಗೊತ್ತಿಲ್ಲ ಸರ್" ಅನ್ನಿ, ಅವರು ಮುಂದಿನ ಪ್ರಶ್ನೆಗೆ ಹೋಗ್ತಾರೆ. ಪೇಷಂಟ್ ಸ್ಯಾಚುರೇಶನ್ ಬೀಳ್ತಾ ಇದೆ, ಏನ್ ಮಾಡ್ತೀರಿ ಅಂತ ಕೇಳಿದ್ರೆ ಮಾತ್ರ ಆ ಮಾತು ಬೇಡ. 100 ಪರ್ಸೆಂಟ್ ಆಕ್ಸಿಜನ್, ಸಹಾಯಕ್ಕೆ ಕರೀತೀನಿ, ಟ್ಯೂಬ್ ನೋಡ್ತೀನಿ ಅಂತ ಶುರು ಮಾಡಿ. ದಿನಾ ಮಾಡೋದೇ ಅಲ್ವಾ.

ಓಟಿ4
ಭಾನುವಾರ ಸಂಜೆ ಏಳಕ್ಕೆ ನಾವೇ ಒಂದು ವೀಡಿಯೋ ಕಾಲ್ ಮಾಡೋಣ್ವಾ? ನವಮಿ ಕೇಸ್ ಪ್ರೆಸೆಂಟ್ ಮಾಡ್ಲಿ. ಉಳಿದವರು "ಯಾಕೆ" ಕೇಳೋದು.

ನೈಟ್‌ಡ್ಯೂಟಿ_ನವಮಿ
ರೆಡಿ. ಬೆಳಿಗ್ಗೆ ಪೇಪರ್ ಬರೀತೀನಿ, ಸಂಜೆ ಕೇಸ್. ಗಾಯಿಟರ್ ತರ್ತೀನಿ. ವಾರ್ಡಲ್ಲಿ ಒಬ್ಬರು ಶಿವಮೊಗ್ಗ ಕಡೆಯ ಅಮ್ಮ ಇದ್ದಾರೆ, ದೊಡ್ಡ ಗಡ್ಡೆ, ಮಲಗಿದ್ರೆ ಉಸಿರು ಕಟ್ಟುತ್ತೆ ಅಂತಾರೆ.

ಹುಬ್ಳಿ_ಹೈದ
ಎರಡೂ ಕೈ ಮೇಲೆತ್ತಿಸಿ ನೋಡಿದ್ರಾ? ಮುಖ ಕೆಂಪಾಗುತ್ತಾ?

ನೈಟ್‌ಡ್ಯೂಟಿ_ನವಮಿ
ಪೆಂಬರ್ಟನ್ ಸೈನ್ ಇನ್ನೂ ನೋಡಿಲ್ಲ. ರೌಂಡ್ಸ್‌ಗೆ ಹೋಗ್ತಾ ಇದ್ದೀನಿ, ನೋಡಿ ಬಂದು ಹೇಳ್ತೀನಿ.

ಪರೀಕ್ಷಕ_ಅಲ್ಲ
ಹಾಗೇ ನಿದ್ದೆಯಲ್ಲಿ ಇರೋವಾಗ ಪಲ್ಸ್ ಎಷ್ಟು ಅಂತ ಸಿಸ್ಟರ್ ಹತ್ರ ರಾತ್ರಿ ಎಣಿಸಿಡೋಕೆ ಹೇಳಿ. ಕತ್ತಿನ ಎಕ್ಸ್‌ರೇ ಮುಂದಿನಿಂದಲೂ ಬೇಕು, ಪಕ್ಕದಿಂದಲೂ ಬೇಕು.

ಸರ್ಜನ್_ಪಕ್ಕದಲ್ಲಿ
ಗಾಯಿಟರ್ ಅಂದ್ರೆ ನಾನೂ ಬರಬಹುದಾ ಭಾನುವಾರ?

ಗ್ಯಾಸ್‌ಮ್ಯಾನ್
ಬನ್ನಿ ಸರ್. ಏಳಕ್ಕೆ ಅಂದ್ರೆ ಏಳಕ್ಕೇ ಬರಬೇಕು.